ಗಾಲ್ಫಿಗೂ ಒಂದು ಸರಳೆ ವರಸೆ

ಗಾಲ್ಫ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆಂದು ನನಗೆ ಗೊತ್ತು. ಹಸಿರು ಹಾಸು, ಬಿಳಿ ಟೋಪಿ, ಹಿಂದೆ ಚೀಲ ಹೊತ್ತ ಹುಡುಗ, ಮುಂದೆ ಹೊಟ್ಟೆ ಹೊತ್ತ ಸಾಹೇಬರು! ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲಕ್ಕೆ. ಆ ಸಾಹೇಬಿಕೆಯ ವಾಸನೆ ಆಟಕ್ಕೆ ಇನ್ನೂ ಅಂಟಿಕೊಂಡಿದೆ. ನಮ್ಮ ಮೈಸೂರಿನಲ್ಲೂ ರೇಸ್‌ಕೋರ್ಸಿನ ಒಳಗೆ ಒಂದು ಗಾಲ್ಫ್ ಮೈದಾನವಿದೆ. ಭಾನುವಾರ ಬೆಳಗಾಗುವ ಮೊದಲೇ ನಮ್ಮ ಯಜಮಾನರು ಅಲ್ಲಿಗೆ ಹೊರಡುತ್ತಿದ್ದರು. ಅವರು ತಂದ ಕಾಲುಚೀಲದ ಕೆಮ್ಮಣ್ಣು ತೊಳೆಯುವುದಷ್ಟೇ ಮೂವತ್ತು ವರ್ಷ ನನಗೂ ಗಾಲ್ಫಿಗೂ ಇದ್ದ ನಂಟು.

ಮೂರು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಗಾಲ್ಫ್ ಚೀಲ ಉಗ್ರಾಣದ ಕೋಣೆಯಲ್ಲಿ ಅಕ್ಕಿ ಡಬ್ಬದ ಪಕ್ಕಕ್ಕೆ ಬಂದು ನಿಂತಿತು. ಅದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಮಗ ಫೋನಿನಲ್ಲಿ ಹೇಳಿದಾಗ ಇವರು ಬಹಳ ಹೊತ್ತು ಸುಮ್ಮನಿದ್ದು, "ಕೊಡೋದು ಬೇಡ. ನಿಮ್ಮಮ್ಮ ಕಲೀತಾಳೆ" ಎಂದರು. ತಮಾಷೆಗೆ ಹೇಳಿದರೋ ಸಿಟ್ಟಿಗೆ ಹೇಳಿದರೋ, ನಾನು ಕೇಳಲಿಲ್ಲ. ನನಗಾಗ ಐವತ್ತೆಂಟು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?" ಎಂದು ಅತ್ತೆ ನಕ್ಕರು. ಪಕ್ಕದ ಮನೆಯವರಂತೂ, "ಏನ್ರೀ, ಐರನ್ ತಗೊಂಡು ಮಹಡಿ ಮೇಲೆ ಹೋಗ್ತೀರಂತೆ, ಅಲ್ಲೇ ಇಸ್ತ್ರಿ ಮಾಡ್ತೀರಾ?" ಎಂದು ವಿಚಾರಿಸಿದರು. ಗಾಲ್ಫಿನಲ್ಲಿ ಕೆಲವು ಕೋಲುಗಳಿಗೆ ಐರನ್ ಎಂದೇ ಹೆಸರು. ಆಡುವವರು ಒಟ್ಟು ಹದಿನಾಲ್ಕು ಕೋಲು ಒಯ್ಯಬಹುದು. ನನಗೆ ಕೊಟ್ಟದ್ದು ಒಂದೇ, ಹೆಂಗಸರ ಅಳತೆಯ ಏಳನೇ ನಂಬರಿನ ಐರನ್.

ಕಲಿಸಲು ಬಂದ ಮೇಷ್ಟ್ರು ಹುಡುಗನಾಗಿದ್ದಾಗ ಬೇರೆಯವರ ಚೀಲ ಹೊತ್ತು, ನೋಡಿ ನೋಡಿ ಆಟ ಕಲಿತವರು. (ಹಾಗೆ ಬಂದವರನ್ನು ಹಗುರವಾಗಿ ಕಾಣಬೇಡಿ. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರೂ ಚೀಲ ಹೊತ್ತೇ ಮೇಲೆ ಬಂದು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು.) ಈ ಮೇಷ್ಟ್ರು ಒಂದು ತಿಂಗಳು ನನಗೆ ಚೆಂಡನ್ನೇ ತೋರಿಸಲಿಲ್ಲ. ಅದರಿಂದ ನನಗೇನೂ ಬೇಜಾರಾಗಲಿಲ್ಲ. ಚಿಕ್ಕಂದಿನಲ್ಲಿ ಸಂಗೀತಕ್ಕೆ ಹೋದವಳು ನಾನು. ಕೀರ್ತನೆಯ ಮುಖ ನೋಡುವ ಮೊದಲು ಸರಳೆ, ಜಂಟಿ ಎಂದು ಮೂರು ಕಾಲದಲ್ಲೂ ಎಷ್ಟು ಗಂಟಲು ಸವೆಸಿದ್ದೇನೆಂದು ನನಗೇ ಗೊತ್ತು.

ಮೊದಲ ಪಾಠ, ಎರಡೂ ಪಾದ ಜೋಡಿಸಿ ನಿಂತು ಕೋಲನ್ನು ಈ ಕಡೆಯ ಸೊಂಟದಿಂದ ಆ ಕಡೆಯ ಸೊಂಟದವರೆಗೆ ಬೀಸುವುದು. ಅಷ್ಟೇನಾ ಎನ್ನಬೇಡಿ, ಮಾಡಿ ನೋಡಿ. ತೋಳಿನ ಬಲ ಹಾಕಿದಿರೋ, ಮೈ ತಾನಾಗಿ ವಾಲುತ್ತದೆ. ವಾಲದೆ ಬೀಸಲು ಬಂದ ದಿನ ತೂಕ ಎಲ್ಲಿರಬೇಕೆಂಬುದು ಪಾದಕ್ಕೇ ತಿಳಿದಿರುತ್ತದೆ. ಎರಡನೆಯದು ಟವೆಲಿನ ಪಾಠ. ಒಂದು ಟವೆಲನ್ನು ಎದೆಯ ಮೇಲೆ ಅಡ್ಡ ಹಾಯಿಸಿ, ಎರಡು ತುದಿಯನ್ನೂ ಕಂಕುಳಲ್ಲಿ ಹಿಡಿದು ಅದೇ ಅರ್ಧ ಬೀಸು. ತೋಳು ಒಂದು ದಾರಿ, ಎದೆ ಒಂದು ದಾರಿ ಹಿಡಿದರೆ ಟವೆಲು ಕೆಳಗೆ. ನಾವು ಹೆಂಗಸರಿಗೆ ಇದು ಸುಲಭವಲ್ಲ. ಬಟ್ಟೆ ಒಗೆಯುವುದು, ಕಸ ಗುಡಿಸುವುದು, ರುಬ್ಬುವುದು ಎಲ್ಲವನ್ನೂ ತೋಳೊಂದರಿಂದಲೇ ಮಾಡಿ ಮಾಡಿ, ಭುಜ ತಿರುಗಿಸಿ ಮೈ ಬಿಡುವುದನ್ನೇ ನಾವು ಮರೆತಿರುತ್ತೇವೆ. ಮೈ ಬೀಸಿ ನಡೆಯಬೇಡ ಎಂದು ಹುಡುಗಿಯರಾಗಿದ್ದಾಗ ಹೇಳಿಸಿಕೊಂಡದ್ದೂ ಸೇರಿಕೊಂಡಿರುತ್ತದೆ, ಬಿಡಿ.

ಮೂರನೆಯ ಪಾಠದಲ್ಲಿ ಮೇಷ್ಟ್ರು ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನಾನು ಹಿತ್ತಲಲ್ಲಿ ರಂಗೋಲಿ ಪುಡಿಯಿಂದ ಎಳೆದೆ. ಗೆರೆಯನ್ನು ಎರಡು ಪಾದದ ನಡುವೆ ಬರುವಂತೆ ಇಟ್ಟುಕೊಂಡು ಬೀಸಬೇಕು; ಕೋಲು ನೆಲ ಸವರುವುದು ಗೆರೆಯ ಮೇಲೆ ಅಥವಾ ಒಂದಿಷ್ಟು ಮುಂದೆ ಆಗಬೇಕು. ಹಿಂದೆ ಸವರಿದರೆ, ಅಲ್ಲಿ ಚೆಂಡಿದ್ದ ಪಕ್ಷದಲ್ಲಿ ಮಣ್ಣು ಮೊದಲು, ಚೆಂಡು ಆಮೇಲೆ. ಯಾರ ಹಂಗೂ ಇಲ್ಲದೆ ತಪ್ಪು ಒಪ್ಪು ತೋರಿಸಿಕೊಡುವ ಈ ಗೆರೆಯಷ್ಟು ಒಳ್ಳೆಯ ಗುರು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ನೂರು ಚೆಂಡು ಬಾಡಿಗೆಗೆ ಪಡೆದು ಬಡಿದು ಬರುವವರಿಗಿಂತ ಹತ್ತು ಗೆರೆ ಸವರಿದವರು ಹೆಚ್ಚು ಕಲಿಯುತ್ತಾರೆ.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ ಪಾಠ ನಮ್ಮ ಮೇಷ್ಟ್ರದ್ದಲ್ಲ, ಅರ್ನೆಸ್ಟ್ ಜೋನ್ಸ್ ಎಂಬ ಇಂಗ್ಲಿಷರವನದು. ಮೊದಲ ಮಹಾಯುದ್ಧದಲ್ಲಿ ಅವನು ಬಲಗಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡ. ಆದರೂ ಮತ್ತೆ ಗಾಲ್ಫ್ ಆಡಿದ! ಕಾಲಿಲ್ಲದೆ ಆಡಲು ಸಾಧ್ಯವಾದರೆ ಈ ಆಟದ ಗುಟ್ಟು ಕೋಲಿನ ತುದಿ ಬೀಸುವುದರಲ್ಲೇ ಇರಬೇಕೆಂದು ಯೋಚಿಸಿ, ಅಮೆರಿಕಕ್ಕೆ ಹೋಗಿ ಅದನ್ನೇ ಕಲಿಸಿದ. ಅವನಲ್ಲಿ ಕಲಿತ ವರ್ಜೀನಿಯಾ ವ್ಯಾನ್ ವೀ ಎಂಬ ಹೆಣ್ಣುಮಗಳು 1932ರಿಂದ 1934ರವರೆಗೆ ಮೂರು ವರ್ಷವೂ ಅಮೆರಿಕದ ಮಹಿಳಾ ಅಮೆಚೂರ್ ಪಟ್ಟ ಗೆದ್ದಳು. ಜೋನ್ಸನ ಸಲಕರಣೆ ಏನು ಗೊತ್ತೇ? ಕರವಸ್ತ್ರದ ತುದಿಗೆ ಕಟ್ಟಿದ ಒಂದು ಪುಟ್ಟ ಚಾಕು. ಕರವಸ್ತ್ರ ಹಿಡಿದು ಚಾಕುವನ್ನು ತೂಗಬೇಕು. ಲಯವಾಗಿ ತೂಗಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ಅವಸರಕ್ಕೆ ಎಳೆದರೆ, ನೂಕಿದರೆ ಬಟ್ಟೆ ಜೋತು ಬೀಳುತ್ತದೆ.

ಇದನ್ನು ಓದಿದ ದಿನ ಸೆರಗಿನ ತುದಿಗೆ ಬೀಗದ ಕೈ ಗೊಂಚಲು ಕಟ್ಟಿ ಮಹಡಿಯ ಮೇಲೆ ತೂಗಿದೆ. ಆಹಾ! ನಮ್ಮ ಅಜ್ಜಿಯಂದಿರು ಉಗ್ರಾಣದ ಬಾಗಿಲಲ್ಲಿ ನಿಂತು ತೂಗಿದ್ದೂ ಇದನ್ನೇ ಅಲ್ಲವೇ? ಕೆಳಗಿಳಿದು ಬಂದು ಜೋನ್ಸನ ಕಥೆಯನ್ನು ಇವರಿಗೆ ಹೇಳಿದೆ. ಇವರು ಏನೂ ಅನ್ನಲಿಲ್ಲ. "ಯಾವ ಕಾಲು?" ಎಂದಷ್ಟೇ ಕೇಳಿದರು. ಬಲಗಾಲು ಎಂದೆ.

ಬಲವೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಆಡಿದ್ದನ್ನು ನೆನಪಿಸಿಕೊಳ್ಳಿ. ಎದುರಾಳಿಗಳ ಚೆಂಡು ಎಷ್ಟೋ ದೂರ ಹೋಗಿ ಬೀಳುತ್ತಿತ್ತು, ಇವಳದು ಹಿಂದೆಯೇ ಉಳಿಯುತ್ತಿತ್ತು. ಆದರೆ ಗುಳಿಯ ಹತ್ತಿರ ಬಂದಾಗ, ಆ ಕಡೆಯ ಪುಟ್ಟ ಹೊಡೆತದಲ್ಲಿ, ಬಾಕಿಯನ್ನೆಲ್ಲ ತೀರಿಸುತ್ತಿದ್ದಳು. ಕೊನೆಗೆ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಳು. ಚೀಲ ಹೊತ್ತು ಜೊತೆಗೆ ನಡೆದವರು ಅವಳ ತಾಯಿ. ಆ ಬೆಳಿಗ್ಗೆ ಟಿ.ವಿ. ಮುಂದೆ ಕೂತ ಎಷ್ಟು ತಾಯಂದಿರು ಮಗಳಿಗಿಂತ ಹೆಚ್ಚಾಗಿ ಆ ಅಮ್ಮನನ್ನೇ ನೋಡಿದರೋ! ನಾನಂತೂ ನೋಡಿದೆ.

ಆ ಪುಟ್ಟ ಹೊಡೆತಕ್ಕೆ ಪಟ್ಟಿಂಗ್ ಎನ್ನುತ್ತಾರೆ. ಅದರ ಅಭ್ಯಾಸಕ್ಕೆ ಮೈದಾನ ಬೇಡ, ನಡುಮನೆ ಸಾಕು. ಗುಳಿಯ ಅಗಲ 108 ಮಿಲಿಮೀಟರು. ನಮ್ಮಲ್ಲಿ ಅಷ್ಟೋತ್ತರಕ್ಕೆ ಒಪ್ಪುವ ಸಂಖ್ಯೆ ಎಂದು ಅತ್ತೆಗೆ ಹೇಳಿದಾಗಿನಿಂದ ಅವರಿಗೂ ಆಟದ ಮೇಲೆ ಗೌರವ ಬಂದಿದೆ. ಎರಡು ಕಾಫಿ ಲೋಟ ಬೋರಲು ಹಾಕಿ ನಡುವೆ ಬಾಗಿಲಿನಷ್ಟು ಜಾಗ ಬಿಟ್ಟು, ಲೋಟಕ್ಕೆ ತಾಗದಂತೆ ಚೆಂಡು ದಾಟಿಸಬೇಕು. ಹತ್ತರಲ್ಲಿ ಎಷ್ಟು ದಾಟಿತೆಂದು ಲೆಕ್ಕ ಇಡಬೇಕು.

ಲೆಕ್ಕ ಇಡುವ ಕೆಲಸ ಇವರಿಗೆ ಕೊಟ್ಟಿದ್ದೆ. ಸೋಫಾದಲ್ಲಿ ಕೂತು ಹಳೆಯ ಡೈರಿಯಲ್ಲಿ ಎಡಗೈಯಿಂದ ಸೊಟ್ಟ ಸೊಟ್ಟಗೆ ಗೀಟು ಎಳೆಯುತ್ತಿದ್ದರು. ದಿನವೂ ಬೆರಳು ಮಡಿಸಿ ಬಿಚ್ಚುವ ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ, "ನನ್ನದೂ ಇವಳದೂ ಒಂದೇ ಪಾಠ ಕಣಮ್ಮ, ನಿಧಾನದ್ದು" ಎನ್ನುತ್ತಿದ್ದರು. ಈ ಶ್ರಾವಣದಲ್ಲಿ ಒಂದು ಸಂಜೆ ನಾನು ಅಡುಗೆಮನೆಯಿಂದ ಬರುವಾಗ ಎದ್ದು ನಿಂತಿದ್ದರು. ಎಡಗೈಯಲ್ಲಿ ಕೋಲು ಹಿಡಿದಿದ್ದರು, ಬಲಗೈ ಅದರ ಮೇಲೆ ಸುಮ್ಮನೆ ಒರಗಿತ್ತು. ಹತ್ತರಲ್ಲಿ ನಾಲ್ಕು ದಾಟಿಸಿದರು. ಆವತ್ತಿನ ಗೀಟು ನಾನು ಎಳೆದೆ. ಈಗ ಆರಕ್ಕೆ ಬಂದಿದೆ. ನಿನ್ನೆ, "ಲೋಟ ಒಂದು ಬೆರಳು ಹತ್ತಿರ ಮಾಡೇ, ತೀರಾ ಸಲೀಸಾಯ್ತು" ಎಂದರು.