ಜಪಾನೀ ಗೃಹಿಣಿಯ ಸೂಜಿಪೆಟ್ಟಿಗೆ

ಟೋಕಿಯೋ ನಗರದ ನೈಋತ್ಯಕ್ಕೆ ಹಾಕೋನೆ ಎಂಬ ಗಿರಿಪ್ರದೇಶವುಂಟು. ಪೂರ್ವದಲ್ಲಿ ಎದೋ ನಗರಕ್ಕೂ ಕ್ಯೋಟೋ ನಗರಕ್ಕೂ ನಡುವಣ ತೊಕಾಯ್ದೋ ಎಂಬ ರಾಜಮಾರ್ಗವು ಈ ಬೆಟ್ಟಗಳನ್ನು ಹತ್ತಿ ಇಳಿಯುತ್ತಿದ್ದಿತು. ಅದರ ಕಲ್ಲುಹಾಸು ಈಗಲೂ ಅಲ್ಲಲ್ಲಿ ಉಳಿದಿರುವುದು. ಆ ಹಾದಿಯ ಹತಜುಕು ಗ್ರಾಮಕ್ಕೆ ನಾವು ಹೋದುದು ಅಲ್ಲಿನ ಮರಗೆಲಸದ ಕೀರ್ತಿಯನ್ನು ಕೇಳಿ.

ಈ ಗ್ರಾಮದ ಇಶಿಕಾವ ನಿಹೇ (1790–1850) ಎಂಬ ಶಿಲ್ಪಿಯು ‘ಯೋಸೆಗಿ’ ಎಂಬ ಕೆಲಸವನ್ನು ಆರಂಭಿಸಿದನೆಂದು ಹೇಳುವರು. ಇದರಲ್ಲಿ ಬಣ್ಣ ಬಳಿಯುವುದಿಲ್ಲ. ನಾನಾ ವೃಕ್ಷಗಳ ಸಹಜವರ್ಣವೇ ಸಾಕು. ಕೊಯ್ದ ಕಡ್ಡಿಗಳನ್ನು ಅಂಟಿನಿಂದ ಕೂಡಿಸಿ ದಿಮ್ಮಿಯಾಗಿಸಿ, ಅದರ ಮೇಲೆ ಕೀಸುಳಿಯನ್ನು ಹಾಯಿಸಿದರೆ, ಚಿತ್ರಸಹಿತವಾದ ತೆಳುಹಾಳೆ ಏಳುವುದು. ಅದನ್ನು ಪೆಟ್ಟಿಗೆಯ ಮೈಗೆ ಅಂಟಿಸುವರು. 1984ರಲ್ಲಿ ಜಪಾನ್ ಸರಕಾರವು ಇದನ್ನು ಸಾಂಪ್ರದಾಯಿಕ ಶಿಲ್ಪಗಳಲ್ಲಿ ಒಂದೆಂದು ಮನ್ನಿಸಿತು.

ಆದರೂ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು, ಬೆಟ್ಟದ ಬುಡದ ಓದವಾರ ಪಟ್ಟಣದಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕಂಡ ನಿರಾಡಂಬರವಾದ ‘ಹರಿಬಾಕೊ’. ‘ಹರಿ’ಯೆಂದರೆ ಅವರ ಭಾಷೆಯಲ್ಲಿ ಸೂಜಿ, ‘ಹಾಕೊ’ ಎಂದರೆ ಪೆಟ್ಟಿಗೆ. ನಮ್ಮ ಶ್ರೀಹರಿಗೂ ಇದಕ್ಕೂ ಸಂಬಂಧವಿಲ್ಲ! ಕೆಳಗೆ ದಾರ, ಕತ್ತರಿಗಳಿಗೆ ಎಳೆಯುವ ಖಾನೆಗಳು. ಪಕ್ಕದಲ್ಲಿ ಒಂದು ಮರದ ಕಂಬ. ಅದರ ತುದಿಯಲ್ಲಿ ಸೂಜಿ ಚುಚ್ಚುವ ಮೆತ್ತೆ. ಕಂಬಕ್ಕೆ ದಾರದಿಂದ ಕಟ್ಟಿದ ಚಿಮುಟಕ್ಕೆ ಬಟ್ಟೆಯ ಅಂಚನ್ನು ಸಿಕ್ಕಿಸಿ, ನೆಲದ ಮೇಲೆ ಕುಳಿತ ಗೃಹಿಣಿಯು ಬಿಗಿಯಾಗಿ ಎಳೆದುಕೊಂಡು ಹೊಲಿಯುವಳು. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಸಿದ್ದರು. ಕಬ್ಬಿಣದ ಮೊಳೆ ಕಾಣಲಿಲ್ಲ. ಖಾನೆಗಳು ‘ಕಿರಿ’ ಎಂಬ ಹಗುರವಾದ ಮರದವು. ಒಂದನ್ನು ಮುಚ್ಚಿದರೆ, ಒಳಗಿನ ಗಾಳಿಯ ಒತ್ತಡಕ್ಕೆ ಇನ್ನೊಂದು ಮೆಲ್ಲನೆ ಹೊರಬಂದಿತು. ಬಡಗಿಯ ಕೈ ಅಷ್ಟು ಕರಾರುವಾಕ್ಕು.

ಇಂಥ ಪೆಟ್ಟಿಗೆ ಮನೆಮನೆಗೂ ಬೇಕಾಗಿದ್ದುದೇಕೆ? ಹಿಂದೆ ಕಿಮೋನೋವನ್ನು ಚೆನ್ನಾಗಿ ಒಗೆಯಬೇಕಾದರೆ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ತೊಳೆದು, ಹಲಗೆಯ ಮೇಲೆ ಹರಡಿ ಒಣಗಿಸಿ, ಮರಳಿ ಹೊಲಿಯುತ್ತಿದ್ದರು. ಅದುಕಾರಣ ಸೂಜಿಗೆ ವಿಶ್ರಾಂತಿಯೇ ಇರಲಿಲ್ಲ. ಈಗ ಕಿಮೋನೋ ಬಹುಮಟ್ಟಿಗೆ ಉತ್ಸವದ ಉಡುಪಾಗಿದೆ; ಪೆಟ್ಟಿಗೆಗಳು ಅಂಗಡಿ ಸೇರುತ್ತಿವೆ.

ಖಾನೆಯ ಮೂಲೆಯಲ್ಲಿ ಕಾಗದದಲ್ಲಿ ಸುತ್ತಿದ್ದ ಎರಡು ಮುರುಕು ಸೂಜಿಗಳಿದ್ದವು. ಅಂಗಡಿಯ ವೃದ್ಧೆಯು ಅವನ್ನು ಬಿಸುಡದೆ ಬೇರೆಯಾಗಿ ತೆಗೆದಿರಿಸಿದಳು. ಫೆಬ್ರವರಿ 8ರಂದು ಆ ಪ್ರಾಂತದಲ್ಲಿ ‘ಹರಿಕುಯೋ’ ಎಂಬ ಆಚರಣೆಯುಂಟು. ಸವೆದ, ಮುರಿದ ಸೂಜಿಗಳನ್ನು ದೇವಾಲಯಕ್ಕೆ ಒಯ್ದು, ‘ತೋಫು’ ಎಂಬ ಸೋಯಾ ಅವರೆಯ ಮೃದುವಾದ ಗಡ್ಡೆಯಲ್ಲಿ ಚುಚ್ಚಿ, ಇಷ್ಟು ದಿನ ಗಡುಸು ಬಟ್ಟೆಯನ್ನು ತೂರಿ ದಣಿದುದಕ್ಕೆ ವಂದನೆ ಸಲ್ಲಿಸುವರು. ಆ ಪೆಟ್ಟಿಗೆಯ ಒಡತಿ ಯಾರೋ, ಈಗ ಇರುವಳೋ ಇಲ್ಲವೋ. ಅವಳ ಸೂಜಿಗಳಿಗಾದರೂ ಆ ವರ್ಷ ವಂದನೆ ಸಲ್ಲುವುದಷ್ಟೆ. ಮಹಾನವಮಿಯಲ್ಲಿ ಹೊಲಿಗೆಯ ಯಂತ್ರಕ್ಕೂ ಕುಂಕುಮವಿಟ್ಟು ಕೈಮುಗಿಯುವ ನಮ್ಮ ಗೃಹಿಣಿಯರಿಗೆ ಈ ಆಚಾರದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.