ನಿಂತಲ್ಲೇ ತೂಗುವ ಪಾಠ

ನವಲಗುಂದ ತಾಲೂಕಿನ ನಮ್ಮ ಹೈಸ್ಕೂಲಿನಲ್ಲಿ ಪ್ರಯೋಗಾಲಯವೆಂದರೆ ಒಂದು ಕಪಾಟು. ಹೀಗಾಗಿ ಎಷ್ಟೋ ಪಾಠಗಳಿಗೆ ಮಕ್ಕಳ ಮೈಯೇ ಸಲಕರಣೆ. ಗುರುತ್ವ ಕೇಂದ್ರದ ಪಾಠ ಬಂದಾಗ ಒಬ್ಬರನ್ನು ಮುಂದೆ ಕರೆದು, ಪಾದ ಊರಿದಲ್ಲೇ ಹಿಂದೆ ಮುಂದೆ ತೂಗಲು ಹೇಳುತ್ತೇನೆ. ಮೇಜು ಬಡಿದು ತಾಳ ಹಾಕುವುದು ನನ್ನ ಕೆಲಸ.

ತಾಳ ನಿಧಾನವಿದ್ದಾಗ ಮೈ ಕಂಬದಂತೆ ಒಂದಾಗಿ ವಾಲುತ್ತದೆ. ದುಡಿಮೆಯೆಲ್ಲ ಕಣಕಾಲಿನ ಕೀಲಿನದು. ಆಗ ಮೀನಖಂಡ ಮುಟ್ಟಿ ನೋಡಿರಿ, ಮುಂದೆ ವಾಲಿದೊಡನೆ ಬಿಗಿಯುತ್ತದೆ. ತಾಳ ಜೋರಾದರೆ ಆಟವೇ ಬೇರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಕೂಗಿದಳು: "ಸರ್, ತಲಿ ಮುಂದ ಬಂದ್ರ ಟೊಂಕ ಹಿಂದ ಹೋಗತೈತ್ರಿ!" ಸರಿಯಾಗಿಯೇ ಕಂಡಿದ್ದಳು. ನಮ್ಮ ಅಂಗಾಲು ಗೇಣಿಗಿಂತ ತುಸು ಉದ್ದ, ಅಷ್ಟೇ. ಅದನ್ನೊತ್ತಿ ಇಡೀ ಮೈಯನ್ನು ಬೇಗಬೇಗ ತಿರುಗಿಸಹೋದರೆ ಹಿಮ್ಮಡಿ ಎದ್ದುಬಿಡುತ್ತದೆ. ಆಗ ಟೊಂಕದ ಕೀಲು ನೆರವಿಗೆ ಬರುತ್ತದೆ. ಎದೆ ಒಂದು ಕಡೆ, ಟೊಂಕ ಇನ್ನೊಂದು ಕಡೆ; ಗುರುತ್ವ ಕೇಂದ್ರ ಮಾತ್ರ ಪಾದಗಳ ಮೇಲೆಯೇ.

ಇಷ್ಟಕ್ಕೆಲ್ಲ ಮೆದುಳಿಗೆ ಸುದ್ದಿ ಬೇಕು. ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳ ನರಗಳು ಅದನ್ನು ಒಯ್ಯುತ್ತವೆ. ಒಂದು ಸುಮ್ಮನಾದರೆ ಉಳಿದವು ನಡೆಸಿಕೊಂಡು ಹೋಗುತ್ತವೆ. ಎರಡು ಸುಮ್ಮನಾದರೆ?

ನಮ್ಮ ಅಪ್ಪ ಪ್ರಾಯದಲ್ಲಿ ಜಾತ್ರೆಯ ನಂದಿಕೋಲು ಹೊತ್ತು ಕುಣಿದವರು. ಅಷ್ಟೆತ್ತರದ ಕೋಲು ತೂಗಾಡಿದರೂ ಅವರು ತಪ್ಪುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದವರೇ ಬಿದ್ದರು. ತೊಡೆಯ ಎಲುಬು ಮುರಿಯಿತು. ತಲೆ ತಿರುಗಿರಬೇಕು ಎಂದೆ ನಾನು, ಬಿಎಸ್ಸಿ ಬಿಎಡ್. ಡಾಕ್ಟರು ನೂಲಿನಂಥ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಕೇಳಿದರು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕು ಮಾಡಿತ್ತು. ಕಾಲಿನ ಸುದ್ದಿ ನಿಂತ ರೋಗಿ ಕಣ್ಣು ಮುಚ್ಚಿದರೆ ನಿಲ್ಲಲಾರ ಎಂದು ಜರ್ಮನಿಯ ವೈದ್ಯ ರೊಂಬರ್ಗ್ 19ನೇ ಶತಮಾನದಲ್ಲೇ ತೋರಿಸಿದ್ದ. ಅಪ್ಪ ಚಪ್ಪಲಿ ಕಳಚಿದ್ದು ತಿಳಿಯದೆ ಬರಿಗಾಲಲ್ಲಿ ಮನೆಗೆ ಬಂದಾಗಲೆಲ್ಲ ನಾವು ನಕ್ಕಿದ್ದೆವು. ಮಕ್ಕಳ ಕಾಲನ್ನು ವರ್ಷವರ್ಷ ನೋಡಿದ ನಾನು ಆ ಕಾಲನ್ನು ನೋಡಲಿಲ್ಲ.

ಅಪ್ಪ ಈಗ ಕೂತೇ ಮುಖ ತೊಳೆಯುತ್ತಾರೆ. ಈ ವರ್ಷ ತೂಗುವ ಪಾಠದ ಕೊನೆಗೆ ಚಪ್ಪಲಿಯ ಸಂಗತಿಯನ್ನೂ ಹೇಳಿದೆ. ಮನೆಯ ಹಿರಿಯರನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿ ಪರೀಕ್ಷೆ ಮಾಡಬೇಡಿ, ಸುಮ್ಮನೆ ಗಮನಿಸಿರಿ ಎಂದೆ. ಮರುದಿನ ಹುಡುಗನೊಬ್ಬ ಪ್ರಾರ್ಥನೆಗೂ ಮುಂಚೆ ಬಂದು ನಿಂತ. "ಸರ್, ನಮ್ಮ ಅಜ್ಜನ ಚಪ್ಲಿನೂ ಹಂಗ ಕಳಚಿ ಬೀಳ್ತಾವ್ರಿ." ಸಂಜೆಯೇ ಅವನ ತಂದೆಯನ್ನು ಹುಡುಕಿಕೊಂಡು ಹೋದೆ.