ನಮ್ಮ ಬಚ್ಚಲುಮನೆಯ ನಲ್ಲಿ

ಸಂಸಾರಸ್ಥನ ಜಮಾಖರ್ಚಿನ ಪುಸ್ತಕದಲ್ಲಿ ಅಕ್ಕಿಗೆ ಒಂದು ಬಾಬು ಉಂಟು, ಬೇಳೆಗೆ ಒಂದು ಬಾಬು ಉಂಟು. ಹಾಲಿನವನಿಗೆ, ಇಸ್ತ್ರಿಯವನಿಗೆ, ಔಷಧಕ್ಕೆ, ಹಬ್ಬಹರಿದಿನಗಳಿಗೆ ಎಂದು ಬೇರೆ ಬೇರೆ ಬಾಬುಗಳಿರುತ್ತವೆ. ನಲ್ಲಿಗೆಂದು ಒಂದು ಬಾಬನ್ನು ತೆರೆದಿಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಮನೆ ಕಟ್ಟುವಾಗ ಒಂದು ಸಲ ಕೊಂಡು ತಂದು ಗೋಡೆಗೆ ತಿರುಪಿಸಿಬಿಟ್ಟರೆ ಅದು ಗೋಡೆಯದೇ ಒಂದು ಅವಯವವಾಯಿತೆಂದು ಭಾವಿಸುತ್ತೇವೆ. ಕಂಬಕ್ಕೆ ಖರ್ಚುಂಟೆ, ಹೊಸ್ತಿಲಿಗೆ ಖರ್ಚುಂಟೆ? ಹಾಗೆಯೇ ನಲ್ಲಿಗೂ ಇಲ್ಲವೆಂದು ನಾನು ನಂಬಿದ್ದೆನು. ಈ ನಂಬಿಕೆಗೆ 2024ನೆಯ ಇಸವಿಯಲ್ಲಿ ನಾನು ತೆತ್ತ ಬೆಲೆಯನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಮನೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿದೆ; ನಮ್ಮ ತಂದೆಯವರು 1978ರಲ್ಲಿ ಕಟ್ಟಿಸಿದ್ದು. ಆ ವೇಳೆಗೆ ಕಾವೇರಿಯ ನೀರು ನಗರಕ್ಕೆ ಬಂದು ನಾಲ್ಕು ವರ್ಷಗಳಾಗಿದ್ದುವು. ಅದಕ್ಕೆ ಮೊದಲು ಊರಿನ ಬಾಯಾರಿಕೆಯನ್ನು ಮುಖ್ಯವಾಗಿ ತೀರಿಸುತ್ತಿದ್ದವಳು ಅರ್ಕಾವತಿ. 1896ರಿಂದ ಹೆಸರಘಟ್ಟದ ಕೆರೆ, 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯ. ಕಾವೇರಿಯಾದರೋ ಸುಮಾರು 100 ಕಿಲೋಮೀಟರು ದೂರದಿಂದ ಬರಬೇಕು; ದಾರಿಯಲ್ಲಿ ಯಂತ್ರಗಳು ಅದನ್ನು ಸುಮಾರು 500 ಮೀಟರು ಮೇಲಕ್ಕೆತ್ತಬೇಕು. ಅಷ್ಟು ದೂರ ನಡೆದು, ಅಷ್ಟು ಎತ್ತರ ಹತ್ತಿ ಬಂದ ನೀರನ್ನು ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸುವುದು ಎಂಟಾಣೆಯ ಅಗಲದ ಒಂದು ರಬ್ಬರು ಬಿಲ್ಲೆ.

ತಂದೆಯವರು ನಲ್ಲಿಗಳನ್ನು ಕೊಂಡ ದಿನ ನನಗೆ ನೆನಪಿದೆ. ಅಂಗಡಿಯವನು ಥಳಥಳಿಸುವ ಹತ್ತು ನಲ್ಲಿಗಳನ್ನು ಮುಂದಿಟ್ಟರೂ ಅವರು ಹೊಳಪನ್ನು ನೋಡಲಿಲ್ಲ. ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಹಿತ್ತಾಳೆ ಸುಳ್ಳು ಹೇಳುವುದಿಲ್ಲ, ಭಾರವಾಗಿರುವುದನ್ನು ಕೊಡಿ" ಎಂದರು. ಅವರು ಆರಿಸಿದ ನಲ್ಲಿಗಳು ನಲವತ್ತೈದು ವರ್ಷ ಬಾಳಿದುವು. ಇಂದು ಕೊಳ್ಳುವವರೂ ಈ ಪರೀಕ್ಷೆಯನ್ನು ಮಾಡಬಹುದು. ಮೇಲೆ ಬೆಳ್ಳಿಯಂತೆ ಹೊಳೆಯುವ ಲೇಪದ ಕೆಳಗೆ ಹಿತ್ತಾಳೆಯಿದೆಯೋ, ಸತುವಿದೆಯೋ, ಬರಿಯ ಪ್ಲಾಸ್ಟಿಕ್ಕಿದೆಯೋ ಎಂಬುದು ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ.

ಹಳೆಯ ತಿರುಪಿನ ನಲ್ಲಿಯ ರಚನೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು; ನನ್ನ ತಪ್ಪೆಲ್ಲ ಅದನ್ನು ಅರಿಯದೆ ಆದದ್ದು. 1845ರಲ್ಲಿ ಇಂಗ್ಲೆಂಡಿನ ರಾದರಂ ಎಂಬ ಊರಿನ ಕಾರ್ಖಾನೆಯವರು ಹಕ್ಕುಪತ್ರ ಪಡೆದ ರಚನೆ ಇದು. ನಲ್ಲಿಯ ಹೊಟ್ಟೆಯೊಳಗೆ ಹಿತ್ತಾಳೆಯ ಒಂದು ಉಂಗುರದಂಥ ಪೀಠವಿದೆ. ನೀರು ಅದರ ನಡುವಿನ ರಂಧ್ರದಿಂದ ಮೇಲಕ್ಕೆ ಬರಬೇಕು. ನಾವು ಹಿಡಿಕೆಯನ್ನು ತಿರುಗಿಸಿದಾಗ ತಿರುಪಿನ ದಂಡವು ಕೆಳಗಿಳಿದು, ತನ್ನ ತುದಿಯಲ್ಲಿರುವ ವಾಷರನ್ನು ಆ ಪೀಠದ ಮೇಲೆ ಒತ್ತುತ್ತದೆ, ನೀರು ನಿಲ್ಲುತ್ತದೆ. ಹಿಂದಿನ ಕಾಲದಲ್ಲಿ ತೊಗಲಿನ ವಾಷರೂ ಇದ್ದಿತು, ಈಗ ರಬ್ಬರಿನದು. ಸವೆಯಬೇಕಾದದ್ದು ವಾಷರು, ಉಳಿಯಬೇಕಾದದ್ದು ಪೀಠ. ವಾಷರು ಗಟ್ಟಿಯಾಗಿ ಸೀಳಿದಾಗ ಅದನ್ನು ಬದಲಿಸಿದರೆ ಕೆಲಸ ಮುಗಿಯಿತು. ಬದಲಿಸದೆ ಬಲದಿಂದ ಬಿಗಿಯುತ್ತ ಹೋದರೆ ರಬ್ಬರು ಹರಿದುಹೋಗಿ, ನಡುವೆ ಸಿಕ್ಕಿದ ಮರಳಿನ ಕಣವೂ ಲೋಹವೂ ಸೇರಿ ಪೀಠವನ್ನೇ ಕೊರೆಯುತ್ತವೆ. ಪೀಠಕ್ಕೆ ಗೀರು ಬಿದ್ದ ಮೇಲೆ ಹೊಸ ವಾಷರು ಹಾಕಿದರೂ ನೀರು ಆ ಗೀರಿನಲ್ಲಿಯೇ ದಾರಿ ಮಾಡಿಕೊಳ್ಳುತ್ತದೆ.

ನಮ್ಮ ತಾಯಿಯವರ ಕೋಣೆಗೆ ಅಂಟಿಕೊಂಡ ಬಚ್ಚಲುಮನೆಯ ನಲ್ಲಿಯು 2023ರ ದೀಪಾವಳಿಯ ನೀರು ತುಂಬುವ ಹಬ್ಬದ ಹೊತ್ತಿಗೆ ತೊಟ್ಟಿಕ್ಕಲಾರಂಭಿಸಿತು. "ಯಾರನ್ನಾದರೂ ಕರೆಯಿಸಿ, ಹತ್ತು ರೂಪಾಯಿಯ ವಾಷರು ಹಾಕಿಸಿ" ಎಂದು ನನ್ನ ಹೆಂಡತಿ ಹೇಳಿದಳು. ವಾಷರಿಗೆ ಹತ್ತು ರೂಪಾಯಿ ನಿಜ. ಆದರೆ ಬಂದು ಬಾಗಿಲು ತಟ್ಟಿದ ಮಾತ್ರಕ್ಕೆ ಕೊಳಾಯಿಯವನು 300 ರೂಪಾಯಿ ಕೇಳುತ್ತಾನೆಂಬುದು ನನಗೆ ಗೊತ್ತಿದ್ದಿತು. ನಾನು ಮೂವತ್ತೈದು ವರ್ಷ ಲೆಕ್ಕಪತ್ರದ ಇಲಾಖೆಯಲ್ಲಿ ದುಡಿದು ವಿಶ್ರಾಂತನಾದವನು. ಒಂದು ತಂಬಿಗೆಯನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ಹಿಡಿದು ಕುಳಿತೆನು. ಅರ್ಧ ಲೀಟರಿನ ತಂಬಿಗೆ ತುಂಬಲು ಒಂದು ಗಂಟೆ. ದಿನಕ್ಕೆ 12 ಲೀಟರು, ತಿಂಗಳಿಗೆ 360 ಲೀಟರು. ಆಗಿನ ದರ ಮೊದಲ 8,000 ಲೀಟರುಗಳಿಗೆ ಸಾವಿರಕ್ಕೆ 7 ರೂಪಾಯಿ, ಅದನ್ನು ಮೀರಿದರೆ 11. 2014ರಿಂದ 2025ರವರೆಗೆ ಆ ದರ ಕದಲಲಿಲ್ಲ. ಹೆಚ್ಚಿನ ದರವನ್ನೇ ಹಿಡಿದರೂ ತಿಂಗಳಿಗೆ ನಷ್ಟ ನಾಲ್ಕು ರೂಪಾಯಿಗೆ ನಾಲ್ಕು ಪೈಸೆ ಕಡಮೆ. 300 ರೂಪಾಯಿಗೆ ಇದು ಸಮವಾಗಬೇಕಾದರೆ ನಲ್ಲಿಯು ಸುಮಾರು ಆರು ವರ್ಷ ನಾಲ್ಕು ತಿಂಗಳು ತೊಟ್ಟಿಕ್ಕಬೇಕು! ಈ ಲೆಕ್ಕವನ್ನು ಹೆಂಡತಿಗೆ ಓದಿ ಹೇಳಿದೆನು. ಅವಳು ಉತ್ತರ ಹೇಳದೆ ನಲ್ಲಿಯ ಕೆಳಗೆ ಒಂದು ಬಕೀಟನ್ನು ಇಟ್ಟುಹೋದಳು.

ಖರ್ಚಿಲ್ಲದ ಚಿಕಿತ್ಸೆಯೊಂದನ್ನು ನಾನು ಕಂಡುಕೊಂಡೆನು. ರಾತ್ರಿ ಮಲಗುವ ಮುನ್ನ ಬಾಗಿಲ ಚಿಲಕಗಳನ್ನು ನೋಡುವಂತೆ, ಬಚ್ಚಲುಮನೆಗೆ ಹೋಗಿ ಎರಡು ಕೈಗಳಿಂದಲೂ ಹಿಡಿಕೆಯನ್ನು ಬಿಗಿಯುವುದು. ಮೊದಮೊದಲು ತೊಟ್ಟು ನಿಲ್ಲುತ್ತಿದ್ದಿತು. ಸಂಕ್ರಾಂತಿಯ ವೇಳೆಗೆ ಎಷ್ಟು ಬಿಗಿದರೂ ನಿಲ್ಲದಾಯಿತು. ನಾನು ಇನ್ನಷ್ಟು ಬಿಗಿದೆನು. ಬೆಳಗ್ಗೆ ಹೆಂಡತಿ ಹಿಡಿಕೆಗೆ ಬಟ್ಟೆ ಸುತ್ತಿ ತೆರೆಯುತ್ತಿದ್ದುದನ್ನು ಕಂಡಿದ್ದೆನು. ಅದರಲ್ಲಿ ವಿಚಾರ ಮಾಡಬೇಕಾದ ಸಂಗತಿ ಏನಾದರೂ ಇದೆಯೆಂದು ತೋರಲಿಲ್ಲ.

ಆ ಬೇಸಗೆಯನ್ನು ಬೆಂಗಳೂರಿನವರಾರೂ ಮರೆಯಲಾರರು. ಹಿಂದಿನ ವರ್ಷದ ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದ್ದುವು. 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000 ರೂಪಾಯಿಯೆಂದು ಜಿಲ್ಲಾಡಳಿತವೇ ಬೆಲೆ ಕಟ್ಟಬೇಕಾಯಿತು. ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಿದವರಿಗೆ ಮಾರ್ಚಿಯಿಂದ 5,000 ರೂಪಾಯಿ ದಂಡ. ಇಂಥ ಕಾಲದಲ್ಲಿ ನಮ್ಮ ಬಕೀಟು ನನಗೆ ಅಭಿಮಾನದ ವಸ್ತುವಾಯಿತು. ದಂಡಕ್ಕೆ ಸಿಕ್ಕದೆ ತುಳಸಿಗೂ ಎರಡು ದಾಸವಾಳದ ಗಿಡಗಳಿಗೂ ನೀರು ದೊರೆಯುತ್ತಿದ್ದಿತು. ಹಗಲು ಹಾಕಿದರೆ ಬಿಸಿಲಿಗೆ ಆರುತ್ತದೆಂದು ರಾತ್ರಿ ಹತ್ತು ಗಂಟೆಗೆ ಬಕೀಟನ್ನು ಬರಿದು ಮಾಡಿ ಗಿಡಗಳಿಗೆ ಹೊಯ್ದು, ಮತ್ತೆ ಅಲ್ಲಿಯೇ ಇಟ್ಟು, ನಲ್ಲಿಯನ್ನು ಬಿಗಿದು ಮಲಗುತ್ತಿದ್ದೆನು. ನೆರೆಯವರಿಗೂ ಇದನ್ನು ಹೇಳಿಕೊಂಡದ್ದುಂಟು.

ಏಪ್ರಿಲ್ ತಿಂಗಳಲ್ಲಿ ತಾಯಿಯವರಿಗೆ ಉರಿಮೂತ್ರದ ಬಾಧೆ, ಜ್ವರ. ಅವರಿಗೆ ಆಗ ಎಂಬತ್ತೆರಡು. ವೈದ್ಯರು ಪರೀಕ್ಷೆ ಮಾಡಿಸಿ, ಔಷಧ ಬರೆದು, "ನೀರು ಬಹಳ ಕಡಮೆ ಕುಡಿಯುತ್ತಿದ್ದಾರೆ, ಮನೆಯವರು ನೋಡಿಕೊಳ್ಳಬೇಕು" ಎಂದರು. ಬಿಸಿಲಿನ ಕಾಲ, ವಯಸ್ಸು ಎಂದುಕೊಂಡೆವು. ವೈದ್ಯರ ಫೀಜು, ಪರೀಕ್ಷೆ, ಔಷಧ ಎಲ್ಲ ಸೇರಿ 1,860 ರೂಪಾಯಿಯನ್ನು ಔಷಧದ ಬಾಬಿನಲ್ಲಿ ಬರೆದೆನು.

ಜುಲೈ ತಿಂಗಳಲ್ಲಿ ತೊಟ್ಟು ಧಾರೆಯಾಯಿತು. ಕೊಳಾಯಿಯವನನ್ನು ಕರೆಯಿಸಿದೆನು. ಕಲಬುರಗಿಯ ಕಡೆಯ ಯುವಕ, ಮಿತಭಾಷಿ. ಹಿಡಿಕೆಗೆ ಕೈಹಾಕಿ ತಿರುಗಿಸಹೋದವನು ಬಿಟ್ಟು, ಅಂಗೈಯನ್ನು ನೋಡಿಕೊಂಡು, ಚೀಲದಿಂದ ಇಕ್ಕಳ ತೆಗೆದನು.

"ಇದನ್ನು ಹೀಗೆ ಬಂದು ಮಾಡುವವರು ಯಾರ್ರೀ?" ಎಂದನು.

"ನಾನೇ" ಎಂದೆನು, ಸ್ವಲ್ಪ ಹೆಮ್ಮೆಯಿಂದಲೇ.

"ತೆಗೆಯುವವರು?"

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ತಾಯಿಯವರು, "ನಾನು ಅದನ್ನು ತೆಗೆಯುವುದಿಲ್ಲಪ್ಪ" ಎಂದು ಅವನಿಗೆ ಹೇಳಿದರು. ಅವರ ಬೆರಳುಗಳ ಗೆಣ್ಣುಗಳು ಹತ್ತು ವರ್ಷದಿಂದ ಊದಿಕೊಂಡಿವೆ. ರಾತ್ರಿ ಎದ್ದಾಗ ಬಕೀಟಿನಲ್ಲಿ ತೊಟ್ಟಿಕ್ಕಿದ ನೀರೇ ಅವರಿಗೆ ಆಧಾರವಾಗಿದ್ದಿತಂತೆ. ಬೇಸಗೆಯಲ್ಲಿ ನಾನು ಅದನ್ನು ಗಿಡಗಳಿಗೆ ಹೊಯ್ಯತೊಡಗಿದ ಮೇಲೆ ನಡುರಾತ್ರಿ ಎರಡು ಗಂಟೆಗೆ ನಾಲ್ಕು ತಂಬಿಗೆ ಇದ್ದರೆ ಇದ್ದಿತು, ಸಾಲದು. ಸೊಸೆಯನ್ನು ನಿದ್ದೆಯಿಂದ ಎಬ್ಬಿಸಬಾರದೆಂದು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದರು. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಬೇಸಗೆಯಲ್ಲಿ ಊರಿಗೆಲ್ಲ ನೀರಿನ ಕಷ್ಟವಿತ್ತಲ್ಲ, ಹಾಗೆಯೇ ತಮಗೂ ಇತ್ತೆಂಬಂತೆ ಹೇಳಿದರು. ಕೊಳಾಯಿಯವನು ಕೇಳುತ್ತ ಹಿಡಿಕೆಯನ್ನು ಬಿಚ್ಚುತ್ತಿದ್ದನು. ನಾನು ಅವನ ಇಕ್ಕಳವನ್ನೇ ನೋಡುತ್ತ ನಿಂತೆನು.

ಪೀಠ ಕೊರೆದುಹೋಗಿದ್ದಿತು. ಅವನು ಬೆರಳಿನಿಂದ ಗೀರನ್ನು ಮುಟ್ಟಿಸಿ ತೋರಿಸಿದನು. ಪ್ಲಾಸ್ಟಿಕ್ಕಿನ ನಲ್ಲಿಯಾದರೆ 180 ರೂಪಾಯಿ. ಹಿತ್ತಾಳೆಯ ತಿರುಪಿನದು 700. ಒಂದು ಬೆರಳಿನಿಂದ ಕಾಲು ಸುತ್ತು ತಳ್ಳಿದರೆ ತೆರೆಯುವ ಉದ್ದ ಹಿಡಿಕೆಯದು 1,150. ಕೊನೆಯದರೊಳಗೆ ರಬ್ಬರು ವಾಷರಿಲ್ಲ; ರಂಧ್ರವುಳ್ಳ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ರಂಧ್ರಗಳು ಕೂಡಿದರೆ ನೀರು, ತಪ್ಪಿದರೆ ಇಲ್ಲ. ಅದಕ್ಕೆ ಬಲವೇ ಬೇಡ. ಬಲ ಹಾಕಿದರೆ ಕೆಡುತ್ತದೆ. ಕೆಟ್ಟರೆ ಹತ್ತು ರೂಪಾಯಿಯಲ್ಲಿ ಮುಗಿಯುವುದೂ ಇಲ್ಲ, ಒಳಗಿನ ಗುಂಡಿಯನ್ನೇ ಬದಲಿಸಬೇಕು, ಅದೂ ಅದೇ ತಯಾರಕರದೇ ಆಗಬೇಕು. ನಾನು ಬೆಲೆ ಚೌಕಾಸಿ ಮಾಡದೆ 1,150ರದನ್ನು ತರಿಸಿದೆನು.

ಇಷ್ಟಕ್ಕೇ ಮುಗಿಯಲಿಲ್ಲ. ಮೊದಲು ನೀರು ನಿಲ್ಲಿಸಬೇಕೆಂದು ತೊಟ್ಟಿಯ ಬಳಿಯ ಕವಾಟವನ್ನು ತಿರುಗಿಸಹೋದರೆ ಅದು ಹಿಡಿದುಕೊಂಡುಬಿಟ್ಟಿದ್ದಿತು. ವರ್ಷಕ್ಕೆರಡು ಸಲವಾದರೂ ಅದನ್ನು ಆಡಿಸುತ್ತಿರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ತೊಟ್ಟಿಯನ್ನೇ ಬರಿದು ಮಾಡಿ ಹಳೆಯ ನಲ್ಲಿಯನ್ನು ತಿರುಪಿ ತೆಗೆಯುವಾಗ ಗೋಡೆಯೊಳಗಿನ ಕಬ್ಬಿಣದ ಮೊಣಕೈ ತುಕ್ಕಿನಿಂದ ಹಪ್ಪಳದಂತೆ ಮುರಿಯಿತು. ತಂದೆಯವರು ಸೆಣಬಿನ ನಾರು, ಸಫೇದ ಸುತ್ತಿಸಿ ಕೂಡಿಸಿದ್ದ ಕೀಲು. ನಾರು ಇನ್ನೂ ಗಟ್ಟಿಯಾಗಿದ್ದಿತು, ಕಬ್ಬಿಣ ಹೋಗಿದ್ದಿತು. ಗೋಡೆ ಒಡೆಯಬೇಕಾಯಿತು. ನಾಲ್ಕು ಬಿಳಿಯ ಟೈಲುಗಳು ಚೂರಾದುವು. 1978ರ ಬಿಳುಪು ಈಗಿನ ಯಾವ ಅಂಗಡಿಯಲ್ಲಿಯೂ ಇಲ್ಲವೆಂದು ಮೂರು ಅಂಗಡಿ ತಿರುಗಿದ ಮೇಲೆ ತಿಳಿಯಿತು. ನಾಲ್ಕು ಬೇಕೆಂದರೆ ನಾಲ್ಕು ಕೊಡುವವರೂ ಇಲ್ಲ, ಪೆಟ್ಟಿಗೆಯನ್ನೇ ಕೊಳ್ಳಬೇಕು.

ಲೆಕ್ಕ ಹೀಗಾಯಿತು. ನಲ್ಲಿ 1,150; ಹೊಸ ಕೊಳವೆ, ಮೊಣಕೈ, ಕವಾಟ, ಕೀಲಿಗೆ ಸುತ್ತುವ ಬಿಳಿಯ ಪಟ್ಟಿ ಸೇರಿ 640; ಕೊಳಾಯಿಯವನಿಗೆ ಎರಡು ದಿನದ ಕೂಲಿ 2,400; ಗಾರೆಯವನಿಗೆ ಸಿಮೆಂಟು ಮರಳು ಸಹಿತ 1,500; ಟೈಲಿನ ಪೆಟ್ಟಿಗೆ 900. ಒಟ್ಟು 6,590 ರೂಪಾಯಿ. ಎಂಟು ತಿಂಗಳಲ್ಲಿ ಸೋರಿದ ನೀರಿನ ಬೆಲೆ, ನನ್ನ ಲೆಕ್ಕದಂತೆಯೇ, 32 ರೂಪಾಯಿಯೊಳಗೆ.

ಕೂಲಿ ಕೊಡುವಾಗ ಹಳೆಯ ಹಿತ್ತಾಳೆಯ ನಲ್ಲಿಯನ್ನು ಕೊಳಾಯಿಯವನು ಕೈಯಲ್ಲಿ ತೂಗಿ ನೋಡಿ, "ಇಂಥ ಮಾಲು ಈಗ ಬರುವುದಿಲ್ಲ, ಇಟ್ಟುಕೊಳ್ಳಿರಿ" ಎಂದು ಕಟ್ಟೆಯ ಮೇಲಿಟ್ಟನು. ತಾಯಿಯವರು ಹುಣಸೆಹಣ್ಣು ಹಾಕಿ ಅದನ್ನು ಉಜ್ಜಿಸಿದರು.

ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ಬಚ್ಚಲುಮನೆಯಲ್ಲಿ ನೀರು ಬಕೀಟಿಗೆ ಬೀಳುವ ಶಬ್ದ ಕೇಳಿಸಿ ಎಚ್ಚರವಾಯಿತು. ಏಳಬೇಕೆಂದುಕೊಳ್ಳುವಷ್ಟರಲ್ಲಿ ಅದು ನಿಂತಿತು. ಬೆಳಗ್ಗೆ ಲೆಕ್ಕದ ಪುಸ್ತಕ ತೆಗೆದು, ಏಪ್ರಿಲ್ ತಿಂಗಳ ಔಷಧದ ಬಾಬಿನಿಂದ 1,860 ರೂಪಾಯಿಯನ್ನು ಹೊಡೆದುಹಾಕಿ ನಲ್ಲಿಯ ಲೆಕ್ಕಕ್ಕೆ ಸೇರಿಸಿದೆನು. ಮೊತ್ತ 8,450. ಹೆಂಡತಿ ನೋಡಿ ಏನನ್ನೂ ಹೇಳಲಿಲ್ಲ. ಹೊಸ ಟೈಲುಗಳ ಬಿಳುಪು ಮಾತ್ರ ನೀಲಿಗೆ ತಿರುಗಿದೆಯೆಂದಳು. ಪೆಟ್ಟಿಗೆಯಲ್ಲಿ ಉಳಿದ ಎಂಟು ಟೈಲುಗಳು ಅಟ್ಟದ ಮೇಲಿವೆ.